ಹಿನ್ನೀರಿನ ಮೀನಿನ ಹಕ್ಕು ಬಲೆ ಬಿಡುವವರ ಹೆಸರಿಗೇ ಬರಲಿ

ಮಾನ್ಯ ಸಂಪಾದಕರೇ,

ಮೀನುಗಾರರ ಕಷ್ಟಸುಖ ಎಂದಾಗ ನಮ್ಮ ಪತ್ರಿಕೆಗಳಿಗೂ ಜನಪ್ರತಿನಿಧಿಗಳಿಗೂ ಥಟ್ಟನೆ ನೆನಪಾಗುವುದು ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳು. ಡೀಸೆಲ್ ಸಬ್ಸಿಡಿ, ಬಂದರಿನ ಹೂಳು, ಕಡಲ್ಕೊರೆತ ಇವೆಲ್ಲ ಚರ್ಚೆಯಾಗಬೇಕಾದ ಸಂಗತಿಗಳೇ ಸರಿ. ಆದರೆ ಘಟ್ಟದ ಮೇಲೂ ಮೀನನ್ನೇ ನಂಬಿ ಒಲೆ ಹಚ್ಚುವ ಕುಟುಂಬಗಳಿವೆ. ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ, ಲಕ್ಕವಳ್ಳಿಯ ಭದ್ರಾ ಜಲಾಶಯದ ಸುತ್ತ, ಗಾಜನೂರಿನ ತುಂಗಾ ಅಣೆಕಟ್ಟೆಯ ಮೇಲ್ಭಾಗದಲ್ಲಿ, ಶಿಕಾರಿಪುರ ತಾಲ್ಲೂಕಿನ ಅಂಜನಾಪುರ, ಅಂಬ್ಲಿಗೊಳ ಜಲಾಶಯಗಳಲ್ಲಿ, ಸೊರಬ ಸೀಮೆಯ ಲೆಕ್ಕವಿಲ್ಲದಷ್ಟು ಕೆರೆಗಳಲ್ಲಿ ತೆಪ್ಪ ಇಳಿಸಿ ಬಲೆ ಬಿಡುವವರು ವಿಧಾನಸಭೆಯ ಚರ್ಚೆಯಲ್ಲಾಗಲಿ ಬಜೆಟ್ ಭಾಷಣದಲ್ಲಾಗಲಿ ಕಾಣಿಸುವುದು ಅಪರೂಪ. ಇವರ ಬದುಕನ್ನು ಹಿಡಿದಿಟ್ಟಿರುವ ನಿಯಮಗಳ ಬಗ್ಗೆ, ಹಿನ್ನೀರಿನ ಬದಿಯಲ್ಲೇ ವಾಸಿಸುವ ಒಬ್ಬ ಓದುಗನಾಗಿ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಬಯಸುತ್ತೇನೆ.

ನನ್ನ ಮುಖ್ಯ ತಕರಾರು ಇಷ್ಟೇ. ಒಳನಾಡಿನ ನೀರಿನಲ್ಲಿ ಮೀನು ಹಿಡಿಯುವ ಹಕ್ಕು, ಮೀನು ಹಿಡಿಯುವವರ ಕೈಯಲ್ಲಿ ಇಲ್ಲ. ಹೆಚ್ಚಿನ ಕಡೆ ಅದು ಹರಾಜಿನಲ್ಲಿ ಹೆಚ್ಚು ಕೂಗಿದವರ ಕೈಯಲ್ಲಿದೆ. ಜಲಾಶಯಗಳ ಮೀನುಗಾರಿಕೆಯನ್ನು ನಮ್ಮಲ್ಲಿ ಎರಡು ಬಗೆಯಲ್ಲಿ ನಡೆಸಿಕೊಂಡು ಬರಲಾಗಿದೆ. ಒಂದು, ಮೀನುಗಾರನಿಗೆ ಅವನ ಹೆಸರಿನಲ್ಲೇ ಪರವಾನಗಿ ಕೊಟ್ಟು, ತೆಪ್ಪ ಮತ್ತು ಬಲೆಗೆ ಇಷ್ಟೆಂದು ಶುಲ್ಕ ಕಟ್ಟಿಸಿಕೊಳ್ಳುವುದು. ಇನ್ನೊಂದು, ಇಡೀ ನೀರನ್ನೋ ಅದರ ಒಂದು ಭಾಗವನ್ನೋ ಟೆಂಡರ್ ಕರೆದು ಗುತ್ತಿಗೆಗೆ ಕೊಟ್ಟುಬಿಡುವುದು. ಇಲಾಖೆಗೆ ಎರಡನೆಯದು ಸುಲಭ ಎಂಬುದರಲ್ಲಿ ಅನುಮಾನವಿಲ್ಲ: ಒಂದೇ ಸಹಿ, ಒಂದೇ ಚೆಕ್ಕು, ವರ್ಷದ ಲೆಕ್ಕ ಮುಗಿಯಿತು. ನೂರು ಮನೆಗಳಿಗೆ ಪರವಾನಗಿ ಪುಸ್ತಕ ಬರೆಯುವ ಉಸಾಬರಿ ಇಲ್ಲ. ಆದರೆ ಗುತ್ತಿಗೆ ಹಿಡಿದ ಮನುಷ್ಯ ತಾನೇ ನೀರಿಗಿಳಿಯುವುದಿಲ್ಲ. ಅವನಿಗೆ ಇಳಿಯುವವರು ಬೇಕು, ಮತ್ತು ಇಳಿಯುವವರಿಗೆ ಅವನನ್ನು ಬಿಟ್ಟು ಬೇರೆ ನೀರಿಲ್ಲ.

ಹೀಗೆ ನಡೆಯುವ ವ್ಯವಹಾರವನ್ನು ಬೆಳಗಿನ ಜಾವ ದಡದ ಶೆಡ್ಡಿನ ಮುಂದೆ ನಿಂತು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲಿ ಎತ್ತಿ ತಂದ ಗಂಡ ಹೆಂಡತಿ ಮೀನನ್ನು ಬಲೆಯ ಕಣ್ಣಿನಿಂದ ಒಂದೊಂದಾಗಿ ಬಿಡಿಸಿ, ಕಾಟ್ಲಾ, ರೋಹುಗಳನ್ನು ಒಂದು ಬುಟ್ಟಿಗೆ, ಜಿಲೇಬಿ ಮೀನನ್ನು ಇನ್ನೊಂದಕ್ಕೆ, ಬಾಳೆ, ಕೊರವ ಸಿಕ್ಕಿದ್ದರೆ ಅದನ್ನು ಬೇರೆಯಾಗಿ ಹಾಕಿ ತಕ್ಕಡಿಯ ಮುಂದಿಡುತ್ತಾರೆ. ತೂಗುವವನು ಗುತ್ತಿಗೆದಾರನ ಆಳು. ಇಂತಿಷ್ಟು ತೂಕಕ್ಕಿಂತ ಕಡಿಮೆಯ ಮೀನಿಗೆ ಅರ್ಧ ದರ, ಹೊಟ್ಟೆ ಮೆತ್ತಗಾದ ಮೀನಿಗೆ ದರವೇ ಇಲ್ಲ, ಐಸಿಗೆಂದು ಒಂದಷ್ಟು ಕಡಿತ, ಮಳೆಗಾಲದಲ್ಲಿ ಪಡೆದ ಮುಂಗಡಕ್ಕೆಂದು ಮತ್ತೊಂದಷ್ಟು. ಉಳಿದದ್ದನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ಆ ಪುಸ್ತಕ ಗುತ್ತಿಗೆದಾರನ ಬಳಿಯೇ ಇರುತ್ತದೆ, ಮೀನು ತಂದವರ ಕೈಗೆ ಚೀಟಿಯೂ ಬರುವುದಿಲ್ಲ. ಅದೇ ಮೀನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪೇಟೆ ಸೇರುವ ಹೊತ್ತಿಗೆ ಯಾವ ಬೆಲೆಗೆ ಮಾರಾಟವಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ, ಚೆನ್ನಾಗಿಯೇ ಗೊತ್ತು. ಆದರೆ ಬೇರೆಯವರಿಗೆ ಮಾರಿದರೆ ಮರುದಿನ ತೆಪ್ಪ ನೀರಿಗಿಳಿಯುವಂತಿಲ್ಲ. ಬಲೆಯೂ ಹಲವು ಸಲ ಅವರ ಸ್ವಂತದ್ದಲ್ಲ, ಮುಂಗಡದ ಲೆಕ್ಕದಲ್ಲಿ ಬಂದದ್ದು. ಲಿಂಗನಮಕ್ಕಿಯಂಥ ಜಲಾಶಯದ ತಳದಲ್ಲಿ ಮುಳುಗಡೆಯ ಕಾಲದ ಮರಗಳ ಬೊಡ್ಡೆಗಳು ಇನ್ನೂ ನಿಂತಿರುವುದರಿಂದ ಬಲೆ ಸಿಕ್ಕಿ ಹರಿಯುವುದು ಮಾಮೂಲು. ಹರಿದ ಬಲೆಯ ನಷ್ಟವೂ ಅದೇ ಪುಸ್ತಕದಲ್ಲಿ ಸೇರಿಕೊಳ್ಳುತ್ತದೆ.

ಲಿಂಗನಮಕ್ಕಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದಾಗ ತುಮರಿ ಭಾಗದ ನಾವೆಲ್ಲ ಸಂತೋಷಪಟ್ಟೆವು. ಲಾಂಚಿಗೆ ಕಾಯುವ ಗೋಳು ತಪ್ಪಿತು, ಸಾಗರದ ಪೇಟೆ ಹತ್ತಿರವಾಯಿತು. ಕೆಡುವ ಸರಕಾದ ಮೀನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಆದರೆ ರಸ್ತೆ ಹತ್ತಿರವಾದ ಲಾಭ, ಮೀನನ್ನು ತನ್ನಿಷ್ಟ ಬಂದಲ್ಲಿ ಮಾರುವ ಸ್ವಾತಂತ್ರ್ಯ ಉಳ್ಳವರಿಗೆ ಮಾತ್ರ ದಕ್ಕುತ್ತದೆಯಲ್ಲವೆ?

ಹಕ್ಕು ಬೇರೊಬ್ಬರ ಹೆಸರಿನಲ್ಲಿ ಇರುವುದರಿಂದ ಆಗುವ ನಷ್ಟ ದರದಲ್ಲಿ ಮಾತ್ರ ಅಲ್ಲ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಆರಂಭವಾಯಿತು. ಅದರಡಿ ಮೀನುಗಾರರಿಗೆ ಅಪಘಾತ ವಿಮೆ ಇದೆ: ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ವೆಚ್ಚಕ್ಕೆ 25 ಸಾವಿರ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಕೇಂದ್ರ ಸರ್ಕಾರ 2018–19ರಲ್ಲಿ ಮೀನುಗಾರರಿಗೂ ವಿಸ್ತರಿಸಿದೆ. ಕಾಗದದ ಮೇಲೆ ಇವೆಲ್ಲ ಹಿನ್ನೀರಿನ ಮೀನುಗಾರರಿಗೂ ಅನ್ವಯವಾಗುತ್ತವೆ. ಆದರೆ ಬ್ಯಾಂಕಿನ ಮುಂದೆಯೋ ಇಲಾಖೆಯ ಮುಂದೆಯೋ ನಿಂತಾಗ ಮೊದಲು ಬರುವ ಪ್ರಶ್ನೆ, ನೀವು ಮೀನುಗಾರರು ಎಂಬುದಕ್ಕೆ ದಾಖಲೆ ಏನಿದೆ ಎಂಬುದು. ಪರವಾನಗಿ ಇಲ್ಲ, ಸಂಘದ ಸದಸ್ಯತ್ವ ಇಲ್ಲ, ಗುತ್ತಿಗೆ ಪತ್ರದಲ್ಲಿ ಹೆಸರಿಲ್ಲ. ಜೀವಮಾನವಿಡೀ ನೀರಿನ ಮೇಲೆ ಕಳೆದವರು ಕಾನೂನಿನ ಕಣ್ಣಿನಲ್ಲಿ ಕೂಲಿಯವರು, ಕೆಲವೊಮ್ಮೆ ಅದೂ ಅಲ್ಲ. ಗಾಳಿಗೆ ಸಿಕ್ಕು ತೆಪ್ಪ ಮಗುಚಿ ಜೀವ ಹೋದರೆ, ಅವರು ಅಲ್ಲಿ ಮೀನು ಹಿಡಿಯುತ್ತಿದ್ದರು ಎಂಬುದನ್ನು ರುಜುವಾತುಪಡಿಸುವುದೇ ಮನೆಯವರಿಗೆ ದೊಡ್ಡ ಕೆಲಸವಾಗುತ್ತದೆ.

ಇದನ್ನು ಸರಿಪಡಿಸಲು ದೆಹಲಿಯತ್ತ ಕೈತೋರಿಸಬೇಕಾದ ಅಗತ್ಯವಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ವಿಷಯ. ರಾಜ್ಯದ ಜಲಪ್ರದೇಶದ ಆಚೆಗಿನ ಸಮುದ್ರ ಮೀನುಗಾರಿಕೆ ಮಾತ್ರ ಕೇಂದ್ರದ್ದು. ನಮ್ಮಲ್ಲಿ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ವಿನಿಯಮನ) ಅಧಿನಿಯಮ, 1996 ಎಂಬ ಕಾನೂನೂ ಇದೆ. ಹೆಸರಿನಲ್ಲೇ ಸಂರಕ್ಷಣೆ, ಅಭಿವೃದ್ಧಿ, ವಿನಿಯಮನ ಮೂರೂ ಇವೆ. ಮೀನುಗಾರರ ಜೀವನೋಪಾಯ ಮಾತ್ರ ಆ ಪಟ್ಟಿಯಲ್ಲಿ ಸೇರಲಿಲ್ಲ. ಅದನ್ನು ಸೇರಿಸುವುದು ನಮ್ಮದೇ ಶಾಸಕರ ಕೈಯಲ್ಲಿರುವ ಕೆಲಸ. ಸಮುದ್ರದ ವಿಚಾರಕ್ಕೆ ಬಂದರೆ, 1986ರ ಕರ್ನಾಟಕ ಸಾಗರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ದೊಡ್ಡ ದೋಣಿ ಬೇರೆ, ನಾಡದೋಣಿ ಬೇರೆ ಎಂಬ ವಿವೇಚನೆ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿ ನಿಲ್ಲಬೇಕಾದಾಗ, ಯಂತ್ರವಿಲ್ಲದ ದೋಣಿಗಳಿಗೆ ವಿನಾಯಿತಿ ಇದೆ. ಚಿಕ್ಕವರು ಮತ್ತು ದೊಡ್ಡವರು ಒಂದೇ ನೀರಿನಲ್ಲಿ ಒಂದೇ ನಿಯಮದಡಿ ಸ್ಪರ್ಧಿಸಿದರೆ ಚಿಕ್ಕವರು ಉಳಿಯುವುದಿಲ್ಲ ಎಂಬ ಸರಳ ಸತ್ಯವನ್ನು ಕಡಲ ಬದಿಯಲ್ಲಿ ಒಪ್ಪಿಕೊಂಡ ಸರ್ಕಾರ, ಘಟ್ಟ ಹತ್ತಿದ ಮೇಲೆ ಅದನ್ನು ಮರೆತಂತಿದೆ.

ಆದ್ದರಿಂದ ಮೊದಲ ಬೇಡಿಕೆ: ಜಲಾಶಯಗಳಲ್ಲಿ ಇಡೀ ನೀರನ್ನು ಒಬ್ಬರಿಗೆ ಗುತ್ತಿಗೆ ಕೊಡುವ ಪದ್ಧತಿ ಹಂತಹಂತವಾಗಿ ನಿಲ್ಲಲಿ, ಅಲ್ಲಿ ನಿಜವಾಗಿ ಮೀನು ಹಿಡಿಯುವ ಪ್ರತಿ ಕುಟುಂಬಕ್ಕೆ ಗಂಡ ಹೆಂಡತಿ ಇಬ್ಬರ ಜಂಟಿ ಹೆಸರಿನಲ್ಲಿ ಒಂದು ಪರವಾನಗಿ ಸಿಗಲಿ. ಅದನ್ನು ಮಾರುವಂತಿರಬಾರದು, ಬಾಡಿಗೆಗೆ ಕೊಡುವಂತಿರಬಾರದು. ಒಂದು ಪರವಾನಗಿಗೆ ಇಷ್ಟು ತೆಪ್ಪ, ಇಷ್ಟು ಉದ್ದದ ಬಲೆ ಎಂಬ ಮಿತಿ ಇರಲಿ. ಹಿಡಿದ ಮೀನನ್ನು ಯಾರಿಗೆ ಬೇಕಾದರೂ ಮಾರುವ ಹಕ್ಕನ್ನು ಅದರಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಹಿಂದಿನಿಂದ ಬೇರೆ ಜಿಲ್ಲೆಗಳಿಂದ ಬಂದು ದಡದಲ್ಲಿ ಟಾರ್ಪಾಲಿನ ಕೆಳಗೆ ಬಿಡಾರ ಹೂಡಿಕೊಂಡು ಮೀನು ಹಿಡಿಯುವ ಕುಟುಂಬಗಳನ್ನು ಹೊರಗಿನವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸ್ಥಳೀಯರ ಜೊತೆ ಕೂರಿಸಿ ಒಂದು ಪಟ್ಟಿ ಮಾಡಿದರೆ ಯಾರು ಎಷ್ಟು ಕಾಲದಿಂದ ಅಲ್ಲಿದ್ದಾರೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ.

ಕೆರೆಗಳ ಕಥೆ ಸ್ವಲ್ಪ ಭಿನ್ನ. ಸಣ್ಣ ಕೆರೆಗಳ ಮೀನು ಹರಾಜು ಗ್ರಾಮ ಪಂಚಾಯ್ತಿಯದು, ದೊಡ್ಡವುಗಳದ್ದು ಇಲಾಖೆಯದು. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಕೊಡುವ ನೀತಿ ಇರುವುದು ಸ್ವಾಗತಾರ್ಹ. ಆದರೆ ಸಂಘದ ಹೆಸರಿನಲ್ಲಿ ಕೆರೆ ಪಡೆದು, ಒಳಗಿಂದೊಳಗೆ ಪೇಟೆಯ ವ್ಯಾಪಾರಿಗೆ ವಹಿಸಿಬಿಡುವ ಬೇನಾಮಿ ವ್ಯವಹಾರ ಎಷ್ಟು ಕಡೆ ನಡೆಯುತ್ತದೆ ಎಂಬುದನ್ನು ಕೆರೆ ಏರಿಯ ಮೇಲೆ ಹರಟುವ ಯಾರನ್ನು ಕೇಳಿದರೂ ಹೇಳುತ್ತಾರೆ. ಸದಸ್ಯರ ಪಟ್ಟಿಯಲ್ಲಿ ಬಲೆ ಮುಟ್ಟದವರ ಹೆಸರುಗಳಿರುತ್ತವೆ; ಮೀನು ಮಾರುವ ಹೆಂಗಸರ ಹೆಸರು ಇರುವುದೇ ವಿರಳ. ಬುಟ್ಟಿ ಹೊತ್ತು ಮನೆಮನೆ ತಿರುಗಿ, ಸಂತೆಯಲ್ಲಿ ಬಿಸಿಲಿಗೆ ಕುಳಿತು ಮೀನು ಮಾರುವವರು, ಒಣಮೀನು ಮಾಡುವವರು ಮೀನುಗಾರರಲ್ಲ ಎಂದು ಯಾವ ಲೆಕ್ಕದಲ್ಲಿ ಹೇಳುವುದು? ಸಂಘಗಳ ಸದಸ್ಯತ್ವವನ್ನು ಗುತ್ತಿಗೆ ನವೀಕರಣಕ್ಕೆ ಮೊದಲು ಗ್ರಾಮಸಭೆಯ ಮುಂದೆ ಓದಿ ಹೇಳಬೇಕು ಎಂಬ ಒಂದೇ ನಿಯಮ ಮಾಡಿದರೂ ಅರ್ಧದಷ್ಟು ಸುಳ್ಳು ಹೆಸರುಗಳು ತಾವಾಗಿಯೇ ಉದುರುತ್ತವೆ. ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯ್ತಿಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿದ ವಿಷಯಗಳಲ್ಲಿ ಮೀನುಗಾರಿಕೆ ಐದನೆಯದು. ಆ ಅಧಿಕಾರವನ್ನು ವರ್ಷಕ್ಕೊಮ್ಮೆ ಹರಾಜು ಕೂಗುವುದಕ್ಕಷ್ಟೇ ಸೀಮಿತ ಮಾಡಿಕೊಳ್ಳಬೇಕಾಗಿಲ್ಲ.

ಗುತ್ತಿಗೆ ಮೊತ್ತದ ವಿಷಯದಲ್ಲೂ ಒಂದು ಮಾತಿದೆ. ಮಳೆ ಕೈಕೊಟ್ಟ ವರ್ಷ ಶಿಕಾರಿಪುರ, ಸೊರಬದ ಕೆರೆಗಳು ಬೇಸಿಗೆಗೆ ಮುಂಚೆಯೇ ತಳ ಕಾಣುತ್ತವೆ, ಬಿಟ್ಟ ಮರಿ ತೂಕಕ್ಕೆ ಬರುವ ಮೊದಲೇ ಹಿಡಿದು ಮುಗಿಸಬೇಕಾಗುತ್ತದೆ. ತುಂಬಿದ ಕೆರೆಗೂ ಬತ್ತಿದ ಕೆರೆಗೂ ಒಂದೇ ಮೊತ್ತ ಕಟ್ಟಿಸಿಕೊಳ್ಳುವ ಬದಲು, ಕೆರೆಯಲ್ಲಿ ನೀರು ನಿಂತ ತಿಂಗಳುಗಳ ಲೆಕ್ಕದಲ್ಲಿ ಮೊತ್ತ ನಿಗದಿಯಾಗಲಿ.

ಇನ್ನು ಎಲ್ಲರೂ ಮಾತನಾಡುವ, ಮೀನು ತತ್ತಿಯಿಡುವ ಮಳೆಗಾಲದಲ್ಲಿ ಮೀನು ಹಿಡಿಯುವುದರ ನಿಷೇಧದ ವಿಷಯ. ಮಲೆನಾಡಿನಲ್ಲಿ ಹತ್ತುಮೀನಿನ ಕಾಲ ಎಂದರೆ ಗೊತ್ತಿಲ್ಲದವರಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳಗಳು ಕೆಂಪಾಗಿ ಹರಿಯತೊಡಗಿದಾಗ, ತತ್ತಿ ತುಂಬಿದ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ನೀರಿಗೆದುರಾಗಿ ಹತ್ತುತ್ತವೆ. ಆ ರಾತ್ರಿಗಳಲ್ಲಿ ಬ್ಯಾಟರಿ ಬೆಳಕು ಹಿಡಿದು, ಕತ್ತಿ, ಬುಟ್ಟಿ, ಕೂಳಿಗಳೊಡನೆ ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಲ್ಲುವವರಲ್ಲಿ ಮೀನುಗಾರರು ಕಡಿಮೆ, ಉಳಿದ ನಾವೇ ಹೆಚ್ಚು. ಒಂದು ಮೀನಿನ ಹೊಟ್ಟೆಯಲ್ಲಿ ಸಾವಿರ ಸಾವಿರ ತತ್ತಿಗಳಿರುವಾಗ ಅದನ್ನು ಗದ್ದೆಯ ಬಾಯಲ್ಲಿ ಕಡಿದುಹಾಕಿ, ಚಳಿಗಾಲದಲ್ಲಿ ಹೊಳೆಯಲ್ಲಿ ಮೀನಿಲ್ಲ ಎಂದು ಗೊಣಗುವುದು ಯಾವ ನ್ಯಾಯ? ಕಾಟ್ಲಾ, ರೋಹು, ಮೃಗಾಲ್‌ನಂಥ ದೊಡ್ಡ ಗೆಂಡೆಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹರಿಯುವ ಪ್ರವಾಹದ ನೀರೇ ಅವಕ್ಕೆ ಬೇಕು. ಆದ್ದರಿಂದ ಜಲಾಶಯಕ್ಕೆ ಸೇರುವ ಹಳ್ಳಗಳ ಬಾಯಿಗಳನ್ನು ಆ ಕೆಲವು ವಾರ ಮುಟ್ಟದೆ ಬಿಡುವುದು ಮೀನುಗಾರರ ಹಿತಕ್ಕೇ ಒಳ್ಳೆಯದು, ಮತ್ತು ಇದನ್ನು ನನಗಿಂತ ಚೆನ್ನಾಗಿ ಅವರೇ ಬಲ್ಲರು.

ಆದರೆ ನಿಷೇಧದ ಪ್ರಕಟಣೆ ಹೊರಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಕರಾವಳಿಯ ದೋಣಿಗಳೂ ನಿಂತಿರುತ್ತವೆ, ಹೊನ್ನಾವರ, ಭಟ್ಕಳದಿಂದ ಘಟ್ಟ ಹತ್ತಿ ಬರುವ ಬಂಗುಡೆ, ಭೂತಾಯಿ ಕಡಿಮೆಯಾಗಿ, ಸಾಗರ, ಶಿವಮೊಗ್ಗದ ಮಾರುಕಟ್ಟೆಯಲ್ಲಿ ಹೊಳೆಮೀನಿನ ಬೆಲೆ ಏರುತ್ತದೆ. ಹಿಡಿಯಬಾರದ ಕಾಲವೇ ಅತಿ ಹೆಚ್ಚು ದರ ಸಿಗುವ ಕಾಲವೂ ಆಗಿದೆ. ಇಂಥ ಹೊತ್ತಿನಲ್ಲಿ ಕೈಕಟ್ಟಿ ಕೂರು ಎಂದು ಹೇಳಬೇಕಾದರೆ, ಕೂತವರ ಮನೆಯ ಅಕ್ಕಿಬೇಳೆಗೆ ಏನು ವ್ಯವಸ್ಥೆ ಎಂಬುದನ್ನೂ ಹೇಳಬೇಕು. ಮತ್ಸ್ಯ ಸಂಪದ ಯೋಜನೆಯಡಿ ನಿಷೇಧದ ಅಥವಾ ಮೀನಿಲ್ಲದ ಮೂರು ತಿಂಗಳಿಗೆ ಬಡ ಮೀನುಗಾರ ಕುಟುಂಬಕ್ಕೆ ಸಿಗುವ ನೆರವು ಒಟ್ಟು 4,500 ರೂಪಾಯಿ. ಅದರಲ್ಲಿ 1,500 ರೂಪಾಯಿ ಮೀನುಗಾರರೇ ಮೊದಲು ಕೂಡಿಟ್ಟ ಹಣ. ದಿನದ ಲೆಕ್ಕ ಹಾಕಿದರೆ ಐವತ್ತು ರೂಪಾಯಿ, ಅದರಲ್ಲೂ ಮೂರನೆಯ ಒಂದು ಭಾಗ ತನ್ನದೇ ದುಡ್ಡು. ಅಡಿಕೆ ತೋಟದ ಒಂದು ದಿನದ ಕೂಲಿಯ ಮುಂದಿಟ್ಟು ನೋಡಿದರೆ ಇದನ್ನು ನೆರವು ಎನ್ನಲು ಸಂಕೋಚವಾಗುತ್ತದೆ. ರಾಜ್ಯ ಸರ್ಕಾರ ತನ್ನ ಪಾಲಿನಿಂದ ಇದಕ್ಕೆ ಸೇರಿಸಿ, ನಿಷೇಧದ ಅವಧಿಗೆ ಕೂಲಿಯ ಅರ್ಧದಷ್ಟಾದರೂ ಕೈಗೆ ಬರುವಂತೆ ಮಾಡದೆ ದಂಡ, ಬಲೆ ಜಪ್ತಿಗಳಿಗೆ ಮುಂದಾಗುವುದು ಸರಿಯಲ್ಲ. ನಿಷೇಧದ ದಿನಾಂಕವನ್ನೂ ಕ್ಯಾಲೆಂಡರ್ ನೋಡಿ ಬೆಂಗಳೂರಿನಿಂದ ಘೋಷಿಸುವ ಬದಲು ಮಳೆ ನೋಡಿ ತಾಲ್ಲೂಕು ಮಟ್ಟದಲ್ಲಿ ನಿಗದಿ ಮಾಡಲಿ. ಮುಂಗಾರು ಜೂನ್ ಕೊನೆಯವರೆಗೆ ತಡವಾದ ವರ್ಷ, ಮೀನು ಹತ್ತುವ ಮೊದಲೇ ನಿಷೇಧದ ಅರ್ಧ ಅವಧಿ ಕಳೆದುಹೋಗಿರುತ್ತದೆ.

ಬಲೆಯ ಕಣ್ಣಿನ ಅಳತೆಯ ನಿಯಮವೂ ಹೀಗೆಯೇ ತಲೆಕೆಳಗಾಗಿ ಜಾರಿಯಾಗುತ್ತಿದೆ. ಸಣ್ಣ ಕಣ್ಣಿನ ಬಲೆ, ಅದರಲ್ಲೂ ದಡದಿಂದ ಎಳೆಯುವ ಅಲಿವಿ ಬಲೆ ಬೆರಳುದ್ದದ ಮರಿಗಳನ್ನೂ ಬಿಡದೆ ಬಾಚಿಕೊಳ್ಳುತ್ತದೆ, ಅದನ್ನು ತಡೆಯಲೇಬೇಕು. ಆದರೆ ತಡೆಯುವುದು ಎಲ್ಲಿ? ಪೇಟೆಯ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಅದನ್ನು ರಾಜಾರೋಷವಾಗಿ ಮಾರಲು ಬಿಟ್ಟು, ಸಾಲ ಮಾಡಿ ಕೊಂಡುತಂದವನ ಬಲೆಯನ್ನು ದಡದಲ್ಲಿ ಸುಡುವುದರಿಂದ ಆಗುವುದಿಷ್ಟೇ, ಅವನ ಸಾಲ ದುಪ್ಪಟ್ಟಾಗುತ್ತದೆ. ಮಾರಾಟಗಾರನ ಮೇಲೆ ಮೊದಲು ಕ್ರಮವಾಗಲಿ, ಸಣ್ಣ ಕಣ್ಣಿನ ಬಲೆ ತಂದೊಪ್ಪಿಸಿದವರಿಗೆ ಸರಿಯಾದ ಅಳತೆಯ ಬಲೆಯನ್ನು ಬದಲಿಗೆ ಕೊಡಲಿ. ಇನ್ನು ತೋಟೆ ಸಿಡಿಸುವವರು, ಹಳ್ಳದ ಗುಂಡಿಗೆ ಬ್ಲೀಚಿಂಗ್ ಪುಡಿ ಸುರಿಯುವವರು, ಕರೆಂಟು ಬಿಡುವವರ ಮೇಲೆ ಯಾವ ದಯೆಯೂ ಬೇಡ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿದೆ. ನೂರಿಪ್ಪತ್ತೈದು ವರ್ಷ ದಾಟಿದ ಈ ನಿಯಮ ಮಲೆನಾಡಿನ ಹೊಳೆಗಳಲ್ಲಿ ಇನ್ನೂ ಪೂರ್ತಿ ಜಾರಿಗೆ ಬಂದಿಲ್ಲ. ಇಂಥವರು ಬಹುಪಾಲು ಮೋಜಿಗೆ ಬರುವವರು, ವಾಹನದಲ್ಲಿ ಬಂದು ಒಂದು ಗಂಟೆಯಲ್ಲಿ ಗುಂಡಿ ಬರಿದು ಮಾಡಿ ಹೋಗುವವರು. ಪರವಾನಗಿ ಪಡೆದ ಮೀನುಗಾರರು ದಡದಲ್ಲಿದ್ದರೆ ಇಲಾಖೆಗೆ ಸಂಬಳವಿಲ್ಲದ ಕಾವಲುಗಾರರು ಸಿಕ್ಕಂತೆಯೇ. ಇಂದು ಅವರಿಗೆ ದೂರು ಕೊಡುವ ಧೈರ್ಯವೂ ಇಲ್ಲ, ಏಕೆಂದರೆ ಅವರ ಸ್ವಂತ ಬಲೆಯೇ ಕಾನೂನಿನ ಒಳಗೋ ಹೊರಗೋ ಎಂಬುದು ಅವರಿಗೆ ಗೊತ್ತಿಲ್ಲ.

ಅರಣ್ಯದ ಪ್ರಶ್ನೆಯನ್ನು ಬಿಟ್ಟು ಮಲೆನಾಡಿನಲ್ಲಿ ನೀರಿನ ಮಾತು ಮುಗಿಯುವುದಿಲ್ಲ. ಲಿಂಗನಮಕ್ಕಿ ಹಿನ್ನೀರಿನ ದೊಡ್ಡ ಭಾಗ ಅಭಯಾರಣ್ಯದೊಳಗಿದೆ. 2019ರಲ್ಲಿ ವಿಸ್ತರಣೆಗೊಂಡ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ವ್ಯಾಪ್ತಿ 930 ಚದರ ಕಿಲೋಮೀಟರ್ ಮೀರಿದೆ. ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡಿದೆ. ನೀರು ವಿದ್ಯುತ್ ನಿಗಮದ್ದು ಅಥವಾ ನೀರಾವರಿ ನಿಗಮದ್ದು, ಮೀನು ಮೀನುಗಾರಿಕೆ ಇಲಾಖೆಯದು, ದಡ ಅರಣ್ಯ ಇಲಾಖೆಯದು ಅಥವಾ ಕಂದಾಯದ್ದು. ಇಲಾಖೆಯೊಂದು ಕೊಟ್ಟ ಪರವಾನಗಿ ಹಿಡಿದು ಹೋದವರನ್ನು ಇನ್ನೊಂದು ಇಲಾಖೆ ದಡದಲ್ಲಿ ತಡೆಯುವ ಪ್ರಸಂಗಗಳು ಹೊಸವಲ್ಲ. ಇಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೆನಪಿಸಬೇಕಾಗುತ್ತದೆ. ಭೂಮಿಯ ಹಕ್ಕುಪತ್ರಕ್ಕಾಗಿ ನಾವು ಅದನ್ನು ಎಷ್ಟೋ ಬಾರಿ ಓದಿದ್ದೇವೆ. ಆದರೆ ಅದರ 3(1)(ಡಿ) ಕಲಮು ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳನ್ನು ಸಮುದಾಯದ ಹಕ್ಕೆಂದು ಹೆಸರಿಸಿರುವುದನ್ನು ಯಾರೂ ಅಷ್ಟಾಗಿ ಎತ್ತಿ ಹೇಳಿಲ್ಲ. ಆ ಹಕ್ಕನ್ನು ಕೇಳಿ ಗ್ರಾಮಸಭೆಯಲ್ಲಿ ಅರ್ಜಿ ಹಾಕಲು ಅವಕಾಶವಿದೆ.

ತೊಡಕು ಇರುವುದು ಷರತ್ತಿನಲ್ಲಿ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಒಂದಷ್ಟು ಊರುಗಳನ್ನು ಮುಳುಗಿಸಿತ್ತು, ಆಮೇಲೆ ಆ ಅಣೆಕಟ್ಟೇ ಲಿಂಗನಮಕ್ಕಿಯಲ್ಲಿ ಮುಳುಗಿತು. ನೀರು ಇಳಿದ ಬೇಸಿಗೆಗಳಲ್ಲಿ ಅದನ್ನು ನೋಡಲು ಜನ ಹೋಗುತ್ತಾರೆ. ಶರಾವತಿ ಹೊಳೆಯಲ್ಲಿ ಗಾಳ ಹಾಕುತ್ತಿದ್ದವರ ಮಕ್ಕಳು, ನೀರು ಏರಿದಂತೆ ಮೇಲೆ ಮೇಲೆ ಸರಿದು ಈಗ ಹಿನ್ನೀರಿನಲ್ಲಿ ಬಲೆ ಬಿಡುತ್ತಿದ್ದರೆ, ಅವರು ತಮ್ಮ 75 ವರ್ಷದ ಊರನ್ನು ಯಾವ ನಕ್ಷೆಯಲ್ಲಿ ತೋರಿಸಬೇಕು? ದಾಖಲೆಗಳು ಊರಿನೊಡನೆ ಮುಳುಗಿದವು. ನಾಡಿಗೆ ಬೆಳಕು ಕೊಡಲು ಎದ್ದು ಹೋದವರಿಗೆ ಅದೇ ನೀರಿನ ಮೀನಿನ ಮೇಲೆ ಹಕ್ಕು ಕೇಳುವಾಗ ವಾಸದ ಪುರಾವೆ ಕೇಳುವುದು ಕ್ರೌರ್ಯವೆಂದೇ ನಾನು ಭಾವಿಸುತ್ತೇನೆ. ಮುಳುಗಡೆಯಿಂದ ಎದ್ದ ಕುಟುಂಬಗಳ ವಿಷಯದಲ್ಲಿ ಮುಳುಗಿದ ಗ್ರಾಮದ ವಾಸವನ್ನೂ ಪರಿಗಣಿಸಬೇಕು ಎಂಬ ಸ್ಪಷ್ಟ ಸೂಚನೆ ಅರಣ್ಯ ಹಕ್ಕಿನ ಅರ್ಜಿಗಳನ್ನು ತೀರ್ಮಾನಿಸುವ ಜಿಲ್ಲಾ ಮಟ್ಟದ ಸಮಿತಿಗಳಿಗೆ ಹೋಗಬೇಕು.

ಜಲಾಶಯದಲ್ಲಿ ಮೀನುಮರಿ ಬಿಡುವ ಕೆಲಸವೂ ಹೆಚ್ಚು ಪಾರದರ್ಶಕವಾಗಬೇಕು. ಭದ್ರಾ ಜಲಾಶಯದ ಬಳಿಯ ಬಿ.ಆರ್. ಪ್ರಾಜೆಕ್ಟ್‌ನಂಥ ಕಡೆ ಮರಿ ಉತ್ಪಾದನೆಯ ವ್ಯವಸ್ಥೆ ನಮ್ಮ ಮಗ್ಗುಲಲ್ಲೇ ಇದೆ. ದೊಡ್ಡ ಜಲಾಶಯಗಳಿಗೆ ಬಿಡುವ ಮರಿ ಸುಮಾರು 10 ಸೆಂಟಿಮೀಟರ್ ಬೆಳೆದಿರಬೇಕು, ಇಲ್ಲವಾದರೆ ಅಲ್ಲಿರುವ ಬಾಳೆಮೀನಿನಂಥ ಹಿಂಸ್ರ ಮೀನುಗಳಿಗೆ ಅದು ಆಹಾರವಾಗುತ್ತದೆ ಎಂಬುದು ತಜ್ಞರ ಶಿಫಾರಸು. ಗಣ್ಯರ ಸಮ್ಮುಖದಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚಿ ಫೋಟೊ ತೆಗೆಸಿಕೊಳ್ಳುವಾಗ ಮರಿ ಎಷ್ಟುದ್ದವಿತ್ತು, ಎಷ್ಟು ಬಿಟ್ಟರು ಎಂಬುದನ್ನು ದಡದ ಮೀನುಗಾರರ ಸಹಿಯೊಂದಿಗೆ ದಾಖಲಿಸಿದರೆ ಸಾಕು. ನೀರಿನಲ್ಲೇ ಬಲೆಯ ಪಂಜರ ಕಟ್ಟಿ ಮೀನು ಸಾಕುವ ಪಂಜರ ಮೀನು ಕೃಷಿಯ ಬಗ್ಗೆ ಎಚ್ಚರಿಕೆಯ ಒಂದು ಮಾತು: ಮತ್ಸ್ಯ ಸಂಪದ ಯೋಜನೆಯಡಿ ಒಂದು ಪಂಜರದ ಘಟಕ ವೆಚ್ಚ 3 ಲಕ್ಷ ರೂಪಾಯಿ, ಸಾಮಾನ್ಯ ವರ್ಗದವರಿಗೆ ಸಹಾಯಧನ ಶೇ 40. ಉಳಿದ 1.8 ಲಕ್ಷ ಹೊಂದಿಸಲು ತೆಪ್ಪದವರಿಂದ ಆಗದು. ಹಣವಂತರು ಗಾಳಿ ಬೀಸದ ಒಳ್ಳೆಯ ಕೊಲ್ಲಿಗಳನ್ನೆಲ್ಲ ಪಂಜರ ಹಾಕಿ ಆಕ್ರಮಿಸಿಕೊಳ್ಳುವುದಕ್ಕೆ ಮೊದಲೇ, ಪರವಾನಗಿದಾರರ ಗುಂಪುಗಳಿಗೆ ಮಾತ್ರ ಅದನ್ನು ಕೊಡುವ ನಿಯಮ ಬರಬೇಕು.

ಮೀನುಗಾರರಿಗೆ ಹಕ್ಕು ಕೊಟ್ಟರೆ ಮೀನಿನ ಸಂತತಿ ಬರಿದಾಗುತ್ತದೆ ಎಂಬ ಆತಂಕವನ್ನು ಪರಿಸರಾಸಕ್ತ ಗೆಳೆಯರು ವ್ಯಕ್ತಪಡಿಸುತ್ತಾರೆ. ಅದು ನಿರಾಧಾರವಲ್ಲ, ಒಂದು ಪರವಾನಗಿಗೆ ತೆಪ್ಪ, ಬಲೆಗಳ ಮಿತಿ ಬೇಕು ಎಂದು ಮೇಲೆ ಹೇಳಿದ್ದೂ ಅದಕ್ಕಾಗಿಯೇ. ಆದರೆ ಮೂರೋ ಐದೋ ವರ್ಷಕ್ಕೆ ನೀರು ಹಿಡಿದವನಿಗೆ ಆರನೆಯ ವರ್ಷದ ಮೀನಿನ ಚಿಂತೆ ಏಕಿರಬೇಕು? ಕಟ್ಟಿದ ಹಣ ಬಡ್ಡಿ ಸಮೇತ ವಾಪಸು ಬರುವುದಷ್ಟೇ ಅವನ ಲೆಕ್ಕ. ಮಕ್ಕಳ ಕಾಲಕ್ಕೂ ಅದೇ ನೀರಿನಲ್ಲಿ ಹಿಡಿಯಬೇಕೆನ್ನುವವರಿಗೆ ಮರಿಮೀನನ್ನು ಬಿಡುವ ಕಾರಣವಿದೆ. ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಉಳಿದಿರುವುದು ಊರಿನವರೇ ಅವುಗಳನ್ನು ಮುಟ್ಟದಿರುವುದಕ್ಕೆ ಒಪ್ಪಿದ್ದರಿಂದ. ಅಲ್ಲಿ ಭಕ್ತಿಯ ಬಲವಿದೆ. ಬೇರೆಡೆ ಹಳ್ಳದ ಬಾಯಿಗಳನ್ನು ಮೀನಿನ ರಕ್ಷಿತ ತಾಣವೆಂದು ಗುರುತಿಸುವಾಗ ಭಕ್ತಿಯ ಬದಲು ಹಕ್ಕಿನ ಬಲ ಇದ್ದರೆ ಜನ ಒಪ್ಪುತ್ತಾರೆ ಎಂಬುದು ನನ್ನ ನಂಬಿಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚಿಗಳು ಕೂಡ ಇದೇ ಹಾದಿಯಲ್ಲಿವೆ. ಅವು ಕಡಲಿಗೆ ಮಾತ್ರವಲ್ಲ, ಒಳನಾಡಿನ ನೀರಿಗೂ ಅನ್ವಯವಾಗುವಂಥವು.

ಈ ಎಲ್ಲ ತಿದ್ದುಪಡಿಗಳು ಒಂದೇ ಅಧಿವೇಶನದಲ್ಲಿ ಆಗಬೇಕೆಂಬ ಭ್ರಮೆ ನನಗಿಲ್ಲ. ಆದರೆ ಜಿಲ್ಲಾಡಳಿತ ತಕ್ಷಣ ಮಾಡಬಹುದಾದ ಒಂದು ಕೆಲಸವಿದೆ. ಜಿಲ್ಲೆಯ ಜಲಾಶಯಗಳಲ್ಲಿ ಮುಂದಿನ ಯಾವುದೇ ಗುತ್ತಿಗೆಯನ್ನು ನವೀಕರಿಸುವ ಅಥವಾ ಹೊಸದಾಗಿ ಟೆಂಡರ್ ಕರೆಯುವ ಮೊದಲು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೀನುಗಾರಿಕೆ, ಅರಣ್ಯ, ಕಂದಾಯ ಇಲಾಖೆಗಳು ಮತ್ತು ಸಂಬಂಧಪಟ್ಟ ನಿಗಮಗಳು ಒಟ್ಟಾಗಿ ದಡದ ಊರುಗಳಲ್ಲೇ ಅಹವಾಲು ಸಭೆ ನಡೆಸಲಿ. ಸಭೆ ಮಧ್ಯಾಹ್ನದ ನಂತರ ಇರಲಿ, ಏಕೆಂದರೆ ಬೆಳಗಿನ ಹೊತ್ತು ಅವರು ನೀರಿನ ಮೇಲಿರುತ್ತಾರೆ, ಆಮೇಲೆ ಹೆಂಗಸರು ಸಂತೆಯಲ್ಲಿರುತ್ತಾರೆ. ಅಲ್ಲಿ ಮೀನು ಹಿಡಿಯುವ ಹಾಗೂ ಮಾರುವ ಕುಟುಂಬಗಳ ಪಟ್ಟಿ ಸಿದ್ಧವಾಗಲಿ, ಅದನ್ನು ಪಂಚಾಯ್ತಿಯ ಫಲಕದ ಮೇಲೆ ಅಂಟಿಸಿ ಆಕ್ಷೇಪಣೆಗೆ ಒಂದು ತಿಂಗಳು ಕೊಡಲಿ. ಆ ಪಟ್ಟಿ ಅಂತಿಮವಾಗುವವರೆಗೆ ಹೊಸ ಗುತ್ತಿಗೆಗೆ ಸಹಿ ಬೀಳದಂತೆ ನೋಡಿಕೊಳ್ಳಬೇಕೆಂದು ಜಿಲ್ಲಾ ಉಸ್ತುವಾರಿ ಸಚಿವರಲ್ಲಿ ಮತ್ತು ನಮ್ಮ ಭಾಗದ ಶಾಸಕರಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಿನ್ನೀರು ಪ್ರದೇಶದ ಓದುಗ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ